ನಿಮ್ಮ ಆಜ್ಞೆ ಪಾಲಿಸಿ ಒದೆ ತಿಂದ ಗೇಟ್‌ಕೀಪರ್

ಸಿನಿಮಾಗಳಿಗೆ ಸರ್ಟಿಫಿಕೇಟ್ ಕೊಡುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನೀವು ‘ವಯಸ್ಕರಿಗೆ ಮಾತ್ರ’ ಎಂದು ಬರೆದು ಸಹಿ ಹಾಕಿದ ಸಿನಿಮಾದ ಮ್ಯಾಟಿನಿ ಶೋನಲ್ಲಿ, ಆ ಎರಡು ಪದಗಳನ್ನು ನಿಜವೆಂದು ನಂಬಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಪ್ರೇಕ್ಷಕರು ಹೊಡೆದು ಕೆಡವಿದರು. ಅವರು ಆ ಥಿಯೇಟರಿನ ಗೇಟ್‌ಕೀಪರ್, ನನ್ನ ಸೋದರಮಾವ. ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಎಡಗಣ್ಣು ಹೋಗಿದೆ. ಪೊಲೀಸ್ ಸ್ಟೇಷನ್ನಿನ ಕಾಗದದಲ್ಲಿ ಅವರು ಹುಡುಗಿಯೊಬ್ಬಳ ಕೈ ಹಿಡಿದೆಳೆದ ಆರೋಪಿ. ಇದಿಷ್ಟನ್ನು ಮಾತ್ರ ಮೊದಲು ನಿಮ್ಮ ಆಫೀಸಿಗೆ ಈಮೇಲ್ ಮಾಡಿದ್ದೆ. ‘ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ’ ಎಂಬ ಉತ್ತರ ಎರಡೇ ಸೆಕೆಂಡಿನಲ್ಲಿ ಬಂತು. ಇಷ್ಟು ಬೇಗ ಓದಿ ಮುಗಿಸುವ ಮಂಡಳಿ ಆ ಸಿನಿಮಾವನ್ನು ಎಷ್ಟು ಹೊತ್ತು ನೋಡಿತು ಎಂದು ಕೇಳುವ ಧೈರ್ಯ ನನಗಿಲ್ಲ. ಆದರೂ ಕೇಳಿದ ಹಾಗಾಯಿತು, ಕ್ಷಮಿಸಿ.

ನಾನು ಫಸ್ಟ್ ಇಯರ್ ವಿದ್ಯಾರ್ಥಿನಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು. ಕನ್ನಡದಲ್ಲಿ ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಮಾಮನಿಗೆ ಓದಲು ಬರುವುದಿಲ್ಲ, ಅದಕ್ಕೇ ಹೀಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದುವುದು ಹೇಗೂ ನಿಮ್ಮ ಕೆಲಸ.

ಸಿನಿಮಾ ನಿಮಗೆ ನೆನಪಿರಬಹುದು. ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಹೀರೋ, ಬಿಡುಗಡೆಯಾದ ಆರೋಪಿಗಳನ್ನು ಒಬ್ಬೊಬ್ಬರಾಗಿ ಹುಡುಕಿ ಕಬ್ಬಿಣದ ರಾಡಿನಿಂದ ಬಡಿದು ಕೊಲ್ಲುತ್ತಾನೆ. ಹೊಡೆಯುವ ಮೊದಲು ಪ್ರತಿ ಸಲ ‘ವಿಚಾರಣೆ ಮುಗೀತು’ ಅನ್ನುತ್ತಾನೆ. ನೀವು ಎರಡು ಬೈಗುಳಕ್ಕೆ ಬೀಪ್ ಹಾಕಿಸಿದ್ದೀರಿ. ಅವನು ಸಿಗರೇಟ್ ಹಚ್ಚಿದಾಗಲೆಲ್ಲ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಬರುತ್ತದೆ. ನಮ್ಮ ಶ್ವಾಸಕೋಶದ ಮೇಲೆ ನಿಮಗಿರುವ ಕಾಳಜಿಗೆ ನಾನು ಋಣಿ. ಆದರೆ ಅವನು ಕೊಲ್ಲುವ ಹನ್ನೊಂದು ಜನರಲ್ಲಿ ಒಬ್ಬನಾದರೂ ತಪ್ಪು ಮಾಡದವನಿದ್ದನೇ? ಒಬ್ಬನೂ ಇಲ್ಲ. ಹನ್ನೊಂದಕ್ಕೆ ಹನ್ನೊಂದೂ ಸರಿ. ರಕ್ತ ಇರಲಿ ಬಿಡಿ, ರಕ್ತ ನಿಜವಾಗಿಯೂ ಹಾಗೇ ಬರುತ್ತದೆ, ನನಗೀಗ ಗೊತ್ತು. ಆದರೆ ಹೊಡೆಯುವವನ ಲೆಕ್ಕ ಯಾವತ್ತೂ ತಪ್ಪುವುದಿಲ್ಲ ಎಂಬ ಆ ಸುಳ್ಳಿಗೆ ಯಾವ ಬೀಪ್ ಹಾಕಿಸಿದಿರಿ? ಅದಕ್ಕೆ ಪರದೆಯ ಯಾವ ಮೂಲೆಯಲ್ಲಿ ಎಚ್ಚರಿಕೆ ಕೊಟ್ಟಿರಿ?

ಮಾಮ ಇಪ್ಪತ್ತೆರಡು ವರ್ಷದಿಂದ ಅದೇ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವರು. ದೊಡ್ಡವರ ಸಿನಿಮಾ ಬಂದರೆ ಐಡಿ ಕಾರ್ಡ್ ಕೇಳದೆ ಯಾರನ್ನೂ ಬಿಡುತ್ತಿರಲಿಲ್ಲ. “ಮೀಸೆ ತೋರಿಸ್ಬೇಡಪ್ಪಾ, ಮೀಸೆ ಮೇಲೆ ಡೇಟ್ ಆಫ್ ಬರ್ತ್ ಬರೆದಿರಲ್ಲ” ಅನ್ನುತ್ತಿದ್ದರು. ಮ್ಯಾನೇಜರ್ ರೇಗುತ್ತಿದ್ದರು: “ಏನ್ರೀ, ಟಿಕೆಟ್ ಹರೀತೀರೋ, ಸ್ಕೂಲ್ ಅಡ್ಮಿಷನ್ ಮಾಡ್ತಿದ್ದೀರೋ?” ಮಾಮ ಬಾಗಿಲ ಪಕ್ಕದ ಪೋಸ್ಟರ್ ತೋರಿಸುತ್ತಿದ್ದರು. “ಇಲ್ಲಿ ಬರೆದಿದೆಯಲ್ಲ ಸಾರ್. ಬರೆದೋರು ಯೋಚ್ನೆ ಮಾಡ್ದೆ ಬರೆದಿರ್ತಾರಾ?” ಅವರು ಹೇಳುತ್ತಿದ್ದದ್ದು ನಿಮ್ಮನ್ನು. ನಿಮ್ಮ ಮೇಲೆ ಅಷ್ಟು ಭರವಸೆ ಇಟ್ಟಿದ್ದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅಮ್ಮ ಹೋದ ಮೇಲೆ ನನ್ನ ಹಾಸ್ಟೆಲ್ ಫಾರಂಗಳಲ್ಲಿ ಪೋಷಕರ ಸಹಿ ಮಾಮನದೇ. ಅವರ ಉದ್ಯೋಗದ ಕಾಲಂನಲ್ಲಿ ನಾನು ‘ಥಿಯೇಟರ್ ಮ್ಯಾನೇಜ್‌ಮೆಂಟ್’ ಎಂದು ತುಂಬುತ್ತಿದ್ದೆ. ಅವರು ಓದದೆಯೇ ಸಹಿ ಹಾಕುತ್ತಿದ್ದರು.

ಆ ದಿನ ರೂಮ್‌ಮೇಟ್‌ಗಳು ನನಗೂ ಸೇರಿಸಿ ಬಾಲ್ಕನಿ ಬುಕ್ ಮಾಡಿದ್ದರು. ಬರುವುದಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ಮಾಮನ ಡ್ಯೂಟಿ ಕೆಳಗೆ, ಬಾಲ್ಕನಿ ಬಾಗಿಲಲ್ಲಿ ಬೇರೆಯವರು ಇರುತ್ತಾರೆ ಎಂದು ಧೈರ್ಯ ಮಾಡಿ ಹೋದೆ. ನನಗೆ ಹದಿನೇಳು ವರ್ಷ ಹತ್ತು ತಿಂಗಳು. ಬಾಲ್ಕನಿಯವರು ಕಾರ್ಡ್ ಕೇಳಲಿಲ್ಲ. ಇಂಟರ್ವಲ್ ಆದ ಮೇಲೆ ಅವರು ತಿಂಡಿಗೆ ಇಳಿದರು, ಮಾಮ ಮೇಲೆ ಬಂದರು. ಟಾರ್ಚ್ ನಮ್ಮ ಸಾಲಿನ ಮೇಲೆ ಹಾದು, ನನ್ನ ಮುಖದ ಮೇಲೆ ನಿಂತಿತು.

“ಪುಟ್ಟೀ? ನೀನಿಲ್ಲೇನೇ ಮಾಡ್ತಿದ್ದೀಯಾ? ಏಳು ಏಳು. ನಿಂಗಿನ್ನೂ ಎರಡು ತಿಂಗಳಿದೆ. ಬಾ, ಕೆಳಗೆ ಟೀ ಕುಡಿಯೋಣ” ಎಂದು ಪಿಸುಗುಟ್ಟಿ ನನ್ನ ಮಣಿಕಟ್ಟು ಹಿಡಿದರು.

ಪಕ್ಕದವಳು ಕೇಳಿದಳು, “ಹೂ ಈಸ್ ದಿಸ್ ಮ್ಯಾನ್?”

“ಐ ಡೋಂಟ್ ನೋ” ಅಂದೆ. ಆಮೇಲೆ ಕೈ ಕೊಸರಿಕೊಂಡು, ಎಲ್ಲರಿಗೂ ಕೇಳುವ ಹಾಗೆ, “ಬಿಡ್ರೀ ಕೈ!” ಅಂದೆ.

ಸರ್, ಇದನ್ನು ಬರೆಯುವುದಕ್ಕೆ ನನಗೆ ಹತ್ತೊಂಬತ್ತು ದಿನ ಬೇಕಾಯಿತು.

ಹಿಂದಿನಿಂದ ಯಾರೋ, “ಏಯ್, ಹುಡುಗಿ ಕೈ ಎಳೀತಿದ್ದಾನೆ ನೋಡ್ರೋ!” ಎಂದರು. ಇನ್ನೊಬ್ಬ, “ವಿಚಾರಣೆ ಮುಗೀತು!” ಎಂದು ಕೂಗಿದ. ಜನ ನಕ್ಕರು, ಶಿಳ್ಳೆ ಹೊಡೆದರು, ನಗುತ್ತಲೇ ಸೀಟು ಹಾರಿ ಬಂದರು. ಮಾಮನ ಟಾರ್ಚ್ ಕಿತ್ತುಕೊಂಡು ಅದರಿಂದಲೇ ಹೊಡೆದರು. ಸಿನಿಮಾ ನಿಲ್ಲಲಿಲ್ಲ. ಪರದೆಯ ಬೆಳಕಿನಲ್ಲಿ ಮಾಮ ಒಂದು ಸಲ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ‘ನಮ್ಮ ಮಾಮ, ಬಿಡಿ’ ಎಂದು ನಾನು ಕಿರುಚುವ ಹೊತ್ತಿಗೆ ಅವರು ಸೀಟುಗಳ ನಡುವೆ ಬಿದ್ದಾಗಿತ್ತು. ಯಾರಿಗೂ ಕೇಳಿಸಲಿಲ್ಲ.

ಮರುದಿನದ ಪೇಪರಿನಲ್ಲಿ ‘ಕಾಮುಕನಿಗೆ ಧರ್ಮದೇಟು’ ಎಂದು ಬಂತು. ಎಂಥ ಅಚ್ಚುಕಟ್ಟಾದ ಪದ! ನಲವತ್ತು ಜನ ಒಬ್ಬನ ಮೇಲೆ ಬಿದ್ದರೆ ಏಟಿಗೆ ತಾನಾಗಿಯೇ ಧರ್ಮ ಬಂದು ಅಂಟಿಕೊಳ್ಳುತ್ತದೆ.

ಸ್ಟೇಷನ್ನಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಇನ್‌ಸ್ಪೆಕ್ಟರ್ ಮೊಬೈಲಿನಲ್ಲಿ, ಬಾಲ್ಕನಿಯಲ್ಲಿ ಯಾರೋ ತೆಗೆದಿದ್ದ ವಿಡಿಯೋ ತೋರಿಸಿದರು. “ನೋಡಮ್ಮಾ, ನೀನೇ ಕೈ ಬಿಡಿ ಅಂತಿದ್ದೀಯ. ಈಗ ಮನೆಯವರು ಹೇಳ್ಕೊಟ್ಟು ಕಳಿಸಿದ್ದಾರಾ?” ಯಾರು ಹೇಳಿಕೊಡಬೇಕು? ನನಗೆ ಇರುವ ಮನೆಯವರು ಅವರೊಬ್ಬರೇ.

ಆಸ್ಪತ್ರೆಯಲ್ಲಿ ಕೇಳಿದೆ, “ನೀನಾದ್ರೂ ಯಾಕ್ ಮಾಮ ಹೇಳ್ಲಿಲ್ಲ, ನಾನು ನಿನ್ ಮಗಳ ಥರ ಅಂತ?”

“ನೀನು ಗೊತ್ತಿಲ್ಲ ಅಂದ್ಬಿಟ್ಟಿದ್ಯಲ್ಲೇ. ಫ್ರೆಂಡ್ಸ್ ಮುಂದೆ ನಿನ್ನ ಸುಳ್ಳುಗಾತಿ ಮಾಡ್ಲಾ?” ಅಂದು, ಬ್ಯಾಂಡೇಜ್ ಇಲ್ಲದ ಕಣ್ಣನ್ನೂ ಮುಚ್ಚಿಕೊಂಡರು.

ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ಇದನ್ನು ಬರೆಯುತ್ತಿಲ್ಲ. ಅದು ನನ್ನದೇ, ನನ್ನ ಹತ್ತಿರವೇ ಇರುತ್ತದೆ. ನಾನು ಕೇಳುವುದು ಒಂದು ಕಾಗದ. ಬರುವ ಸೋಮವಾರ ಅವರ ಕೇಸು ಕೋರ್ಟಿಗೆ ಬರುತ್ತದೆ. ಹದಿನೆಂಟು ತುಂಬದ ಪ್ರೇಕ್ಷಕಿಯನ್ನು ಹೊರಗೆ ಕಳಿಸುವುದು ಮಂಡಳಿಯ ಸರ್ಟಿಫಿಕೇಟಿನ ಪ್ರಕಾರ ಆ ಗೇಟ್‌ಕೀಪರರ ಕರ್ತವ್ಯವಾಗಿತ್ತು, ಅವರು ಅದನ್ನೇ ಮಾಡಿದರು ಎಂದು ನಿಮ್ಮ ಮೊಹರಿನ ಕೆಳಗೆ ಬರೆದುಕೊಡಿ. ನನ್ನ ಮಾತನ್ನು ಯಾರೂ ನಂಬುವುದಿಲ್ಲ, ನಂಬಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ನಿಮ್ಮ ಸಹಿಯನ್ನು ನಂಬುತ್ತಾರೆ. ಆ ಎರಡು ಸಾಲು ಬರೆಯಲು ನಿಮಗೆ ಸಾಧ್ಯವಿಲ್ಲವೆಂದರೆ, ದಯವಿಟ್ಟು ಎಲ್ಲ ಸರ್ಟಿಫಿಕೇಟುಗಳಿಂದ ‘ವಯಸ್ಕರಿಗೆ ಮಾತ್ರ’ ಎಂಬುದನ್ನು ತೆಗೆದುಬಿಡಿ; ಇನ್ನೊಂದು ಬಾಗಿಲಲ್ಲಿ ಇನ್ನೊಬ್ಬರು ಅದನ್ನು ನಂಬಿ ನಿಂತಿರಬಹುದು.

ಯಾರು ಅವರು ಎಂದು ಕೇಳಿದಾಗ ನಾನು ಗೊತ್ತಿಲ್ಲ ಅಂದೆ. ನೀವೂ ಹಾಗೆ ಅನ್ನಬೇಡಿ.

ಇಂತಿ,
ಆ ಥಿಯೇಟರಿನಲ್ಲಿ ಇರಬಾರದಾಗಿದ್ದ,
ಅವರ ಅಕ್ಕನ ಮಗಳು