ಹುಲ್ಲಿನ ಬೆಂಕಿಗೆ ಹಿಡಿದ ಡ್ರಮ್ಮು

ಕೊಡಿಗೇನಹಳ್ಳಿ
೧೧ ಆಗಸ್ಟ್ ೨೦೨೪, ಭಾನುವಾರ

ಅಣ್ಣ ಮುತ್ತುರಾಜುಗೆ ತಂಗಿ ಮಂಜುಳಾಳ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಶಿರಾದಲ್ಲಿ ನೀನು, ಅತ್ತಿಗೆ, ಮಕ್ಕಳು ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ, ತಪ್ಪಾಯಿತು. ವರಮಹಾಲಕ್ಷ್ಮಿ ಹಬ್ಬದ ರವಿಕೆಗಳು ಹೊಲಿಗೆ ಮಿಷನ್ ಮೇಲೆ ರಾಶಿ ಬಿದ್ದಿವೆ ಅನ್ನುವುದು ನಿಜವೇ, ಆದರೆ ಕಾರಣ ಅದಲ್ಲ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ಹತ್ತು ಆಡಿ ಮುಗಿಸಿರುತ್ತೀಯ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಕೂತು ಪೂರ್ತಿ ಓದು.

ನಮ್ಮ ಲೋಹಿತಾ ಡ್ರಮ್ಸ್ ಕಲಿಯುತ್ತಾಳೆ ಅಂತ ಗೊತ್ತಾದ ಕೂಡಲೇ ನಿನಗೆ ತಂಗಿ ಮಗಳ ಮೇಲೆ ಪ್ರೀತಿ ಉಕ್ಕಿತು. ನಿನ್ನ ಹಳೇ ಸೆಟ್ಟು ಕಳಿಸುತ್ತೇನೆ ಅಂದೆ. "ಶನಿವಾರ ಶನಿವಾರ ಶಿರಾಕ್ಕೆ ಕಳ್ಸು, ನನ್ ಶಿಷ್ಯೆ ಅಂತ ಸ್ಟೇಜ್ ಹತ್ತುಸ್ತೀನಿ ಕಣಮ್ಮ" ಅಂದೆ. ಬೇಡ. ನಾವು ಸೆಟ್ಟು ತಗೊಂಡಾಯಿತು.

ಮಧುಗಿರಿಯಲ್ಲಿ ಅವಳಿಗೆ ಕಲಿಸುವ ಯಶೋಧರಾ ಮೇಡಂ ಮೂರು ತಿಂಗಳು ಬರೀ ರಬ್ಬರಿನ ಪ್ಯಾಡ್ ಮೇಲೆ ಅಭ್ಯಾಸ ಮಾಡಿಸಿದರು. ಆಮೇಲೆ ನಾನು ಚೀಟಿ ಎತ್ತಿ ತುಮಕೂರಿನ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋದೆ. ಕಡಿಮೆ ಬೆಲೆಯ ಹೊಸ ಸೆಟ್ಟುಗಳು ಕೆಂಪಗೆ ಹೊಳೆಯುತ್ತಿದ್ದವು. ಹಿತ್ತಾಳೆ ಬಿಲ್ಲೆಯಂಥ ಸಿಂಬಲ್‌ಗೆ ಒಂದೇಟು ಹಾಕಿದರೆ ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದು. ಮೇಡಂ ನನ್ನನ್ನು ಹೊರಗೆ ಕರೆದು, "ಇರೋ ದುಡ್ಡಲ್ಲಿ ಹೊಳಪು ಕೊಳ್ಬೇಡಿ ಮಂಜುಳಾ. ಹಳೇದಾದ್ರೂ ಸರಿ, ಚಿಕ್ಕ ಸೆಟ್ ಹುಡುಕಿ. ಮಗು ಕೂತ್ರೆ ಪಾದ ಪೂರ್ತಿ ಪೆಡಲ್ ಮೇಲೆ ಬರ್ಬೇಕು. ಬೇಸು, ಸ್ನೇರು, ಒಂದು ಟಾಮು, ಮೂರು ಡ್ರಮ್ಮು, ಜೊತೆಗೆ ಸಿಂಬಲ್ ಜೋಡಿ ಹೈಹ್ಯಾಟು, ಇಷ್ಟಿದ್ರೆ ಎರಡು ವರ್ಷಕ್ಕೆ ಸಾಕು. ಸ್ಟೂಲು ಮಾತ್ರ ಎತ್ತರ ಇಳಿಸೋ ಹಾಗಿರ್ಲಿ" ಅಂದರು. ನಿನ್ನ ದೊಡ್ಡ ಸೆಟ್ಟಿನ ಹಿಂದೆ ಕೂರಿಸಿದ್ದರೆ ನಮ್ಮ ಹುಡುಗಿಯ ಜಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅಂಥ ಚಿಕ್ಕ ಸೆಟ್ಟು ಸಿಕ್ಕಿದ್ದು ಕೊರಟಗೆರೆಯಲ್ಲಿ. ಯಾರ ಹತ್ತಿರ ಗೊತ್ತಾ? ನಿನಗೆ ಮೊದಲ ಅವಕಾಶ ಕೊಟ್ಟ ಆರ್ಕೆಸ್ಟ್ರಾ ಮೋಹನ್ ಕುಮಾರ್ ಹತ್ತಿರ. ವಯಸ್ಸಾಯಿತು ಅಂತ ಅವರು ಎಲ್ಲ ಮಾರುತ್ತಿದ್ದಾರೆ.

ಅವರ ಹೆಸರು ಓದಿ ನಿನಗೆ ಆ ಛತ್ರದ ಹಿತ್ತಿಲು ನೆನಪಾಗಿರಬೇಕು. ಆಗದಿದ್ದರೆ ನಾನು ಮಾಡುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಮೊದಲ ಕಾರ್ಯಕ್ರಮ ನೋಡಲು ಅಪ್ಪ ನನ್ನನ್ನೂ ಆ ಛತ್ರಕ್ಕೆ ಕರೆದುಕೊಂಡು ಬಂದಿದ್ದ. ಬೆಳಗಿನಿಂದ ತುಂತುರು. ತಮಟೆಯ ಚರ್ಮ ಥಂಡಿಗೆ ಸಡಿಲವಾದರೆ ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡುವುದು ನಮ್ಮ ಮನೆಯಲ್ಲಿ ಹಲ್ಲುಜ್ಜಿದಷ್ಟೇ ಸಹಜ. ಅಪ್ಪ ತಮಟೆ ಎತ್ತಿಕೊಂಡರೆ ಹುಲ್ಲು ಒಟ್ಟುವುದು ನನ್ನ ಕೆಲಸ. ನಿನ್ನ ಡ್ರಮ್ಮಿನ ಮೇಲಿರುವುದು ಚರ್ಮವಲ್ಲ, ಪ್ಲಾಸ್ಟಿಕ್ಕು ಅಂತ ನಮಗೆ ಯಾರು ಹೇಳಿದ್ದರು? ನೀನು ಬರುವಷ್ಟರಲ್ಲಿ ಸ್ನೇರ್ ಡ್ರಮ್ಮಿನ ಮೇಲಿನ ಹಾಳೆ ಮುದುರಿ ತೂತು ಬಿದ್ದಿತ್ತು. ಅಪ್ಪ ಅದನ್ನು ಹಿಡಿದುಕೊಂಡು, "ನಾನೇ ಕಾಯ್ಸ್‌ಬುಟ್ಟೆ ಕಣ್ಲಾ, ಥಂಡಿ ಹಿಡ್ದಿತ್ತು" ಅಂದ.

ಮೋಹನ್ ಕುಮಾರ್ ಓಡಿ ಬಂದು, "ಯಾರಯ್ಯಾ ಈ ಮುದುಕ?" ಅಂತ ಕೂಗಿದರು. ನೀನು ಅಪ್ಪನ ಮುಖ ನೋಡಿಕೊಂಡೇ ಹೇಳಿದೆ, "ಸಾಮಾನು ಹೊರಕೆ ಕರ್ಕಂಬಂದಿರೋ ಆಳು ಸಾರ್."

ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ನಿನ್ನ ಡಬ್ಬಗಳನ್ನೆಲ್ಲ ಹೊತ್ತು ಟೆಂಪೋಗೆ ಹಾಕಿದ, ನೀನು ಆಡಿದ ಮಾತು ಸುಳ್ಳಾಗಬಾರದಲ್ಲ ಅಂತ. ಊರಿಗೆ ಬಂದು ತಮಟೆ ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ಹೋದ ವರ್ಷ ಅವನು ಸತ್ತಾಗ ನೀನು ಹೆಣದ ಮೇಲೆ ಬಿದ್ದು ಅತ್ತೆ. ಆಳು ಸತ್ತರೆ ಯಾವ ಧಣಿ ಇಷ್ಟು ಗೋಳಾಡುತ್ತಾನೆ ಅಂತ ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಅವತ್ತೇ ನಿನಗೆ ತಕ್ಕ ಶಾಸ್ತಿ ಮಾಡಿಸುತ್ತೇನೆ ಅಂದುಕೊಂಡೆ. ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ.

ಮೊನ್ನೆ ಗೊತ್ತಾಯಿತು. ಸೆಟ್ಟು ನೋಡಿ ಒಪ್ಪಿಗೆಯಾದ ಮೇಲೆ ಮೋಹನ್ ಕುಮಾರ್ ನನ್ನ ಮುಖದಲ್ಲಿ ನಿನ್ನ ಚಹರೆ ಗುರುತಿಸಿ, "ನೀವು ನಮ್ ಮುತ್ತುರಾಜು ತಂಗಿ ಅಲ್ವೇನಮ್ಮಾ?" ಅಂದರು.

"ಅಲ್ಲ ಸಾರ್. ಅವತ್ತು ಅವನ ಸಾಮಾನು ಹೊರಕೆ ಬಂದಿದ್ನಲ್ಲ ಆಳು, ಅವನ ಮಗಳು" ಅಂದೆ.

"ಹಂಗಾದ್ರೆ ಅವ್ರು ಮುತ್ತುರಾಜುಗೆ ಏನಾಗ್ಬೇಕು?" ಅಂದರು.

"ಅದ್ನ ಅವನೇ ಹೇಳ್ಲಿ ಬುಡಿ ಸಾರ್" ಅಂದೆ.

ಆ ವಯಸ್ಸಿನಲ್ಲಿ ಅವರು ಬೇಸ್ ಡ್ರಮ್ಮನ್ನು ತಾವೇ ಹೊತ್ತುಕೊಂಡು ಬಸ್ ಸ್ಟ್ಯಾಂಡ್ ತನಕ ಬಂದರು. ಈ ತಿಂಗಳ ಕೊನೆಯಲ್ಲಿ ಶಿರಾದಲ್ಲಿ ಅವರು ಹೋಗಬೇಕಾದ ಒಂದು ಮದುವೆಯಿದೆ, ನಿನ್ನ ಮನೆಗೂ ಬರುತ್ತಾರಂತೆ. ಉತ್ತರ ರೆಡಿ ಮಾಡಿಟ್ಟುಕೋ. ಬಸ್ಸಿನಲ್ಲಿ ಬರುವಾಗ ನನಗೆ ಹೊಟ್ಟೆ ತಣ್ಣಗಾಗಿತ್ತು, ಮುಚ್ಚಿಡುವುದೇನು.

ಲೋಹಿತಾಳ ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತದೆ. ಗುರುವಾರ ಸ್ವಾತಂತ್ರ್ಯ ದಿನಾಚರಣೆಗೆ ಅವಳ ಶಾಲೆಯಲ್ಲಿ ಬಾರಿಸುತ್ತಾಳೆ. ಬೇಸ್ ಡ್ರಮ್ಮಿನ ಮುಂದೆ ದೊಡ್ಡದಾಗಿ "ತಮಟೆ ಕಾಟಪ್ಪನ ಮೊಮ್ಮಗಳು" ಅಂತ ಬರೆಸಿದ್ದೇನೆ. ನಿನ್ನ ಹೆಸರು ಎಲ್ಲೂ ಇಲ್ಲ. ಬರುವುದಾದರೆ ಬಾ, ಹಿಂದಿನ ಸಾಲಿನಲ್ಲಿ ಕೂರು. ಯಾರಾದರೂ ನೀವು ಯಾರು ಅಂತ ಕೇಳಿದರೆ ನಿನಗೆ ತೋಚಿದ್ದು ಹೇಳಿಕೋ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗೆ ದೇವರು ಆಯಸ್ಸು, ಆರೋಗ್ಯ ಕೊಡಲಿ, ಜ್ಞಾಪಕಶಕ್ತಿಯನ್ನು ಇನ್ನೂ ಸ್ವಲ್ಪ ಹೆಚ್ಚಾಗಿಯೇ ಕೊಡಲಿ.

ಇಂತಿ,
ಕಾಟಪ್ಪನ ಮಗಳು
ಮಂಜುಳಾ

ಇನ್ನೊಂದು ಮಾತು: ಅವತ್ತು ಡ್ರಮ್ಮು ಕಾಯಿಸಿದ್ದು ಅಪ್ಪನಲ್ಲ. ಅವನು ಟೀ ಕುಡಿಯಲು ಹೋಗಿದ್ದ. ನಾನು ಬೆರಳಲ್ಲಿ ತಟ್ಟಿ ನೋಡಿದೆ, ಸದ್ದು ಸತ್ತಂತಿತ್ತು. ಅಣ್ಣನ ಮೊದಲ ಕಾರ್ಯಕ್ರಮ ಕೆಡಬಾರದು ಅಂತ ಹುಲ್ಲು ಒಟ್ಟಿ, ಬೆಂಕಿ ಹಚ್ಚಿ ಹಿಡಿದವಳು ನಾನು. ನನಗಾಗ ಹನ್ನೊಂದು ವರ್ಷ. ಅಪ್ಪ ಓಡಿ ಬಂದು ನನ್ನ ಕೈಯಿಂದ ಕಿತ್ತುಕೊಂಡ, ಅಷ್ಟರಲ್ಲಿ ನೀನು ಬಂದೆ. "ಬಾಯ್ ಬುಡಬ್ಯಾಡ, ನಿಮ್ಮಣ್ಣ ನಿನ್ ಮೇಲೆ ಬೇಜಾರಾಗ್ತನೆ" ಅಂತ ಅಪ್ಪ ಸಾಯುವ ತನಕ ನನ್ನ ಬಾಯಿ ಕಟ್ಟಿದ. ನೀನು ಆಳು ಅಂದದ್ದು ಏನೂ ಮಾಡದವನನ್ನು. ಇಷ್ಟು ವರ್ಷ ಇದನ್ನು ನಾನೊಬ್ಬಳೇ ಹೊತ್ತೆ. ಇನ್ನು ನೀನೂ ಹೊರು.