ತೃಷಾಳ ಬ್ಯಾಗು

ಉಜಿರೆ, ಭಾನುವಾರ

ಕಾಂತಿ ಆಂಟಿಗೆ ಸಾತ್ವಿಕಾಳ ನಮಸ್ಕಾರ.

ಇವತ್ತು ಬೆಳಿಗ್ಗೆ ನನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಯಾರೋ ಅರ್ಧಕ್ಕೆ ಕೊಯ್ದಿದ್ದರು. ಚಾರಣಕ್ಕೆ ಹೊರಡುವ ಮೊದಲು ಭಾರ ಕಡಿಮೆ ಮಾಡಲು ನಿಮ್ಮ ತೃಷಾ ಹಾಗೆಯೇ ಕೊಯ್ಯುತ್ತಿದ್ದಳು. “ಬ್ಯಾಗ್ ಹೊರುವುದೋ, ಮನೆಯನ್ನೇ ಹೊರುವುದೋ ಮಾರಾಯ್ತಿ?” ಎಂದು ನನ್ನನ್ನು ನೋಡಿ ನಗಾಡುತ್ತಿದ್ದಳು.

ಕಳೆದ ವರ್ಷ ಅವಳು ಚಾರ್ಮಾಡಿಯ ಕಾಡಿನಲ್ಲಿ ಜಾರಿಬಿದ್ದು ತೀರಿಕೊಂಡ ಮೇಲೆ, “ಅವಳು ಅರ್ಧಕ್ಕೆ ಬಿಟ್ಟ ಆ ಹತ್ತು ದಿನದ ದಾರಿಯನ್ನು ನೀನಾದರೂ ಮುಗಿಸಿ ಬಾ ಮಗಾ” ಎಂದು ನೀವು ಅವಳ ಬ್ಯಾಗನ್ನು ನನಗೆ ಕೊಟ್ಟಿರಿ. ಮೂರು ದಿನದಿಂದ ತುಂಬಿಸುತ್ತಿದ್ದೇನೆ. ಪ್ರತಿ ಬೆಳಿಗ್ಗೆ ಒಂದು ವಸ್ತು ಬ್ಯಾಗಿನಿಂದ ಹೊರಗೆ, ಚಾಪೆಯ ಮೇಲಿರುತ್ತದೆ. ಮೊದಲ ದಿನ ಮರಳುವ ಟಿಕೆಟ್, ನಿನ್ನೆ ಅಪ್ಪನ ಫೋನ್ ನಂಬರಿನ ಚೀಟಿ, ಇಂದು ಕೋಣೆಯ ಬೀಗದ ಕೈ. ಹೋಗಲು ಬೇಕಾದ ಯಾವುದನ್ನೂ ಮುಟ್ಟಿಲ್ಲ. ನಾನು ಒಳಗಿನಿಂದ ಚಿಲಕ ಹಾಕಿಯೇ ಮಲಗುತ್ತೇನೆ.

ನನಗೆ ಸಿಟ್ಟಿಲ್ಲ ಆಂಟಿ. ಅವಳಿಗೆ ಅಲ್ಲಿ ಜೊತೆ ಬೇಕಾಗಿರಬೇಕು.

ಬ್ಯಾಗನ್ನು ನಾಳೆ ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳುಹಿಸುತ್ತೇನೆ, ದಯವಿಟ್ಟು ಇಳಿಸಿಕೊಳ್ಳಿ. ನಡೆಯುವುದನ್ನು ನಾನು ಬಿಟ್ಟಿಲ್ಲ. ನನ್ನ ಹಳೆಯ ಕಾಲೇಜು ಚೀಲದಲ್ಲಿ, ತಿರುಗಿ ಬರಲು ಬೇಕಾದದ್ದನ್ನೆಲ್ಲ ತುಂಬಿ, ಎಷ್ಟು ಭಾರವಾದರೂ ಹೊತ್ತುಕೊಂಡು ಹೋಗುತ್ತೇನೆ.

ನಿಮ್ಮ
ಸಾತ್ವಿಕಾ