ಟೊರ್ಗೊಯ್ ಹೆಸರಿಗೆ ಬಂದ ಕಾಗದ

ಮಾರ್ಚ್ ೩, ೧೯೯೭. ನಾರಿನ್ ಪಟ್ಟಣದ ದಾಖಲೆ ಕಚೇರಿ.

ಮತ್ತೆ ಖಾಲಿ ಕೈ. ೪೨ರ ಸೇನಾ ಭರ್ತಿ ಪಟ್ಟಿ ಮುಗಿಯಿತು. ನಮ್ಮೂರಿನವರು ಮೂವತ್ತೊಂದು ಜನ. ತಾತನ ಹೆಸರು ತುರ್ದುಮಮತ್, ಅದು ಮಾತ್ರ ಇಲ್ಲ. ತಾತ ಯುದ್ಧಕ್ಕೆ ಹೋದದ್ದನ್ನು ಊರೆಲ್ಲ ನೋಡಿದೆ, ಕಾಗದ ಮಾತ್ರ ನೋಡಿಲ್ಲ. ದಾಖಲೆ ಕೋಣೆಯ ಮಾಯ್ರಂ ಅಕ್ಕ ಚಹಾ ಕೊಟ್ಟು ಕಾಲೆಳೆದಳು: "ಅಂಚೆ ಕಚೇರಿಯೋಳು ನೀನು. ಕಳೆದ ಕಾಗದ ಹುಡುಕೋದು ನಿನಗೆ ನಾನು ಹೇಳ್ಕೊಡ್ಬೇಕಾ?"

ಮಾರ್ಚ್ ೪. ಮನೆ.

ಬುರುಲ್ ಅಜ್ಜಿ ಹಾಸಿಗೆ ಬಿಟ್ಟೇಳುತ್ತಿಲ್ಲ. ಹೃದಯ ಸೋತಿದೆ. ಬೇಸಿಗೆ ದಾಟುವುದು ಕಷ್ಟ ಎಂದಿದ್ದಾರೆ ಡಾಕ್ಟರು. ತಾತನಿಗೆ ಕುರಾನ್ ಓದಿಸೋಣ ಎಂದರೆ ಅದೇ ಹಟ.

"ಕಪ್ಪು ಕಾಗದ ಬಂತಾ? ಇಲ್ವಲ್ಲ. ಬದುಕಿರೋರಿಗೆ ಯಾರಾದ್ರೂ ಓದಿಸ್ತಾರಾ? ನಾನು ಹೋದ್ಮೇಲೆ ಅವರು ಬಂದ್ರೆ ಬಾಗಿಲು ತೆಗೆಯೋರು ಯಾರೇ?"

ಸತ್ತ ಸೈನಿಕರ ಮನೆಗಳಿಗೆಲ್ಲ ಬಂದ ಆ ಕಾಗದ ನಮ್ಮ ಮನೆಗೆ ಬರಲೇ ಇಲ್ಲ. ಐವತ್ತೈದು ವರ್ಷದಿಂದ ತಾತ ಬರೀ "ಅವರು". ಗಂಡನ ಹೆಸರು ಹೇಳುವ ಸೊಸೆ ನಮ್ಮ ಕಡೆ ಇಲ್ಲ.

ಮಾರ್ಚ್ ೧೧. ನಾರಿನ್, ಮಧ್ಯಾಹ್ನ.

೩೯ರ ಜನಗಣತಿ ತೆಗೆಸಿದೆ. ನಮ್ಮ ಮನೆಯ ಹಾಳೆ ಸಿಕ್ಕಿತು. ಹೆಂಡತಿ ಬುರುಲ್, ೧೭. ಗಂಡ ಟೊರ್ಗೊಯ್, ೨೨. ಟೊರ್ಗೊಯ್ ಅಂದರೆ ಆಕಾಶದಲ್ಲಿ ನಿಂತು ಹಾಡುವ ಆ ಪುಟ್ಟ ಹಕ್ಕಿ. ಇದು ಯಾರಪ್ಪ... ಮಾಹಿತಿ ಕೊಟ್ಟವರು: ಬುರುಲ್.

ಭರ್ತಿ ಪಟ್ಟಿಗೆ ಓಡಿದೆ. ಹೆಸರಷ್ಟೇ ನೋಡುತ್ತ ಹೋಗಿದ್ದೆ, ಪೆದ್ದಿ. ಇದ್ದಾನೆ — ಟೊರ್ಗೊಯ್, ನಮ್ಮೂರು, ಹೆಂಡತಿ ಬುರುಲ್, ಹೆಬ್ಬೆಟ್ಟಿನ ಗುರುತು. ಅಂಚಿನಲ್ಲಿ: '೧೯೪೩ರಲ್ಲಿ ಹತ. ಟೊರ್ಗೊಯ್ ಮನೆಗೆ ಸೂಚನೆ ಕಳಿಸಿದೆ. ಆ ಹೆಸರಿನವರು ಊರಲ್ಲಿಲ್ಲವೆಂದು ವಾಪಸ್.'

ಆ 'ವಾಪಸ್' ಮುದ್ರೆಯನ್ನು ಅಂಚೆ ಕಚೇರಿಯಲ್ಲಿ ನಾನೂ ದಿನಕ್ಕೆ ಹತ್ತು ಸಲ ಒತ್ತುತ್ತೇನೆ. ತಾತನ ಹೆಬ್ಬೆಟ್ಟಿನ ಮೇಲೆ ನನ್ನದನ್ನಿಟ್ಟು ಕೂತೆ. ಎಷ್ಟು ಹೊತ್ತೋ.

ಮಾರ್ಚ್ ೧೯.

ಅಜ್ಜಿಗೆ ಇನ್ನೂ ಹೇಳಿಲ್ಲ. ಕಾಗದ ವಾಪಸ್ ಹೋದದ್ದು ಗಂಡನ ಹೆಸರು ಹೇಳದ ನಿನ್ನ ನಾಚಿಕೆಯಿಂದ ಎಂದು ಯಾವ ಬಾಯಲ್ಲಿ ಹೇಳಲಿ...

ಮಾರ್ಚ್ ೨೮.

ಅಜ್ಜಿ ಕನಸು ಹೇಳಿದಳು. ಹಿಮದಲ್ಲಿ ಕುದುರೆಗಳು ಇಳಿದು ಬರುತ್ತಿದ್ದವಂತೆ. ಹಿಂದೆ ಶಿಳ್ಳೆ. ಶಿಳ್ಳೆ ಹಾಕುವವರು ಕಾಣಲಿಲ್ಲವಂತೆ. ತಡೆಯಲಾಗಲಿಲ್ಲ. "ಟೊರ್ಗೊಯ್ ಯಾರಜ್ಜಿ?"

ತಲೆವಸ್ತ್ರದ ತುದಿ ಬಾಯಿಗೆ ಹೋಯಿತು.

"ಗಣತಿಯೋನು ಬಂದಾಗ ಮನೇಲಿ ನಾನೊಬ್ಳೇ. ಗಂಡನ ಹೆಸರು ಹೇಳು ಅಂದ. ಹೆಂಗೆ ಹೇಳ್ಲಿ? ಅವರು ಆ ಹಕ್ಕಿ ಥರ ಶಿಳ್ಳೆ ಹಾಕೋರು. ಇಬ್ರೇ ಇದ್ದಾಗ ಹಂಗೇ ಕರೀತಿದ್ದೆ. ಅದನ್ನೇ ಬರೆಸ್ದೆ. ಯಾರಿಗೂ ಹೇಳ್ಲಿಲ್ಲ. ಆ ಗಣತಿ ಹಿಡ್ಕೊಂಡು ಮನೆ ಬಾಗಿಲಿಗೇ ಸೈನ್ಯದ ಕರೆ ಬಂದಾಗ ಅವರು ಒಂದೇ ಸಮ ನಗು — ಸರ್ಕಾರಾನೂ ನಿನ್ನ ಹಾಗೇ ಕರೀತಿದೆ ಕಣೇ, ಇರ್ಲಿ ಬಿಡು, ಅಂದ್ರು."

ಎಲ್ಲ ಹೇಳಿಬಿಟ್ಟೆ. ಕಾಗದ, ಮುದ್ರೆ, ವಾಪಸ್. ಅಳಲಿ, ಬೈಯಲಿ ಎಂದು ಕಾದೆ. ಕಿಟಕಿಯ ಬಿಸಿಲು ಅವಳ ಕಾಲಿಂದ ಗೋಡೆಗೆ ಹೋಯಿತು.

"ಅಲ್ಲಿ ಸೈನ್ಯದಲ್ಲಿ ಎಲ್ಲಾರೂ ಅವರನ್ನ ನಾನಿಟ್ಟ ಹೆಸ್ರಿಂದ್ಲೇ ಕರೆದ್ರಾ? ಕೊನೇವರೆಗೂ?"

"ಹೂಂ ಅಜ್ಜಿ."

"ಮುಲ್ಲಾನ ಕರೆಸು."

ಏಪ್ರಿಲ್ ೪, ಶುಕ್ರವಾರ.

ಬೆಳಿಗ್ಗೆಯಿಂದ ಎಣ್ಣೆಯಲ್ಲಿ ಬೊರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿದೆ. ಸತ್ತವರಿಗೆ ಮುಟ್ಟುವುದು ಆ ಎಣ್ಣೆಯ ವಾಸನೆಯೇ. ಮುಲ್ಲಾ ಕೈಯೆತ್ತಿ, "ಯಾರ ಹೆಸರಿಗಮ್ಮ?" ಎಂದರು. ಬಾಯಿ ತೆರೆದೆ. ಅಜ್ಜಿ ನನ್ನ ಮಂಡಿ ಅದುಮಿದಳು.

"ನಾನು ಹೇಳ್ತೀನಿ."

ತಲೆವಸ್ತ್ರ ಬಾಯಿಂದ ತೆಗೆದಳು.

"ತುರ್ದುಮಮತ್."

ಮುಲ್ಲಾನಿಗೆ ಹೇಳಲಿಲ್ಲ. ಬಾಗಿಲ ಕಡೆ ತಿರುಗಿ ಕರೆದಳು, ಹೊತ್ತಾಯಿತು ಊಟಕ್ಕೆ ಬನ್ನಿ ಅನ್ನುವ ದನಿಯಲ್ಲಿ. ನಾವೆಲ್ಲ ತಿರುಗಿ ನೋಡಿದೆವು. ಮುಲ್ಲಾ ಕೂಡ. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಅಜ್ಜಿ ಮುಲ್ಲಾನ ಕಡೆ ತಿರುಗಿ, "ಈಗ ಓದಿ," ಅಂದಳು.